ಲೋಳೆಸರ, ಅರಿಶಿನ, ಸುಣ್ಣ: ಕೆಚ್ಚಲುಬಾವಿಗೆ ನಾನು ಟ್ಯೂಬ್ ಕಡಿಮೆ ಮಾಡಿದ್ದು ಹೀಗೆ

"ಎಂವಿಎಸ್ಸಿ ಮಾಡಿಕೊಂಡು ಲೋಳೆಸರ ಅರೀತಾ ಕೂತಿದ್ದೀಯಲ್ಲ" ಅಂತ ವೆಟರ್ನರಿ ಕಾಲೇಜಿನ ನನ್ನ ಬ್ಯಾಚಿನವನೇ ಫೋನಿನಲ್ಲಿ ಹೇಳಿದ್ದ. ಮೂರು ವರ್ಷದ ಹಿಂದಿನ ಮಾತು. ಹೋದ ತಿಂಗಳು ಅವನೇ ಫೋನ್ ಮಾಡಿ ಅಳತೆ ಕೇಳಿದ. ಅವನಿಗೆ ಹೇಳಿದ್ದನ್ನೇ ಇಲ್ಲೂ ಬರೆಯುತ್ತಿದ್ದೇನೆ.

ನಾನಿರುವುದು ತುರುವೇಕೆರೆ ಸೀಮೆಯಲ್ಲಿ. ತೆಂಗಿನ ತೋಟ, ಮನೆಗೆ ಎರಡು ಮೂರು ಎಚ್‌ಎಫ್ ಮಿಶ್ರತಳಿ ಹಸು, ಬೆಳಗ್ಗೆ ಸಂಜೆ ಡೇರಿಗೆ ಹಾಲು. ಮಳೆ ಹಿಡಿಯಿತೆಂದರೆ ದಿನಕ್ಕೆ ಮೂರ್ನಾಲ್ಕು ಕೆಚ್ಚಲುಬಾವು. ಎಲ್ಲರ ಹಾಗೆ ನಾನೂ ಮೊಲೆಯೊಳಗೆ ಆಂಟಿಬಯೋಟಿಕ್ ಟ್ಯೂಬ್ ಏರಿಸುತ್ತಿದ್ದೆ, ಸೆಫ್ಟ್ರಯಾಕ್ಸೋನ್ ಇಲ್ಲವೇ ಎನ್ರೋ (ಎನ್ರೋಫ್ಲಾಕ್ಸಸಿನ್) ಎಂಬ ಆಂಟಿಬಯೋಟಿಕ್ ಸೂಜಿ ಕೊಡುತ್ತಿದ್ದೆ, "ಇಷ್ಟು ದಿನ ಹಾಲು ಡೇರಿಗೆ ಹಾಕಬೇಡಿ" ಅಂತ ಹೇಳಿ ಗಾಡಿ ಹತ್ತುತ್ತಿದ್ದೆ. ಆ ಹಾಲು ಆಮೇಲೆ ಎಲ್ಲಿಗೆ ಹೋಯಿತು ಅಂತ ತಿರುಗಿ ನೋಡಿದವಳಲ್ಲ.

ಕಣ್ಣು ತೆರೆಸಿದ್ದು ಮೊಸರು. ಒಂದು ಮನೆಯ ಅಜ್ಜಿ ದಾರಿಯಲ್ಲಿ ನಿಲ್ಲಿಸಿ, "ಡಾಕ್ಟ್ರಮ್ಮ, ನೀನು ಸೂಜಿ ಹಾಕಿ ಹೋದಾಗಿಂದ ಹಾಲು ಹೆಪ್ಪೇ ಆಗ್ತಿಲ್ಲ ಕಣವ್ವ" ಅಂದರು. ಹಾಲಿನಲ್ಲಿ ಆಂಟಿಬಯೋಟಿಕ್ ಉಳಿದಿದ್ದರೆ ಹೆಪ್ಪಿನ ಬ್ಯಾಕ್ಟೀರಿಯಾ ಬೆಳೆಯುವುದಿಲ್ಲ. ಡೇರಿಗೆ ಹಾಕಬೇಡಿ ಅಂದಿದ್ದಕ್ಕೆ ಮನೆಗೆ ಇಟ್ಟುಕೊಂಡಿದ್ದರು! ಮೊಮ್ಮಗು ಅದನ್ನೇ ಕುಡಿಯುತ್ತಿತ್ತು. ಕರುವಿಗೂ ಅದೇ. ಉಳಿದದ್ದು ಬಚ್ಚಲಿಗೆ, ಅಲ್ಲಿಂದ ತೋಟಕ್ಕೆ. ಎನ್ರೋ ಹಸುವಿನ ಮೈಯೊಳಗೆ ಒಂದಷ್ಟು ಸಿಪ್ರೋಫ್ಲಾಕ್ಸಸಿನ್ ಆಗುತ್ತದೆ ಅಂತ ನಾವೆಲ್ಲ ಓದಿದ್ದೇವೆ ಅಲ್ವಾ. ಅದೇ ಸಿಪ್ರೋ ಊರಿನ ಜನಕ್ಕೆ ಮೂತ್ರದ ಸೋಂಕಿಗೂ ಬೇಕು, ರೋಗಾಣು ಅದಕ್ಕೆ ಒಗ್ಗಿಬಿಟ್ಟರೆ ಔಷಧಿ ನಾಟುವುದಿಲ್ಲ. ಪ್ರಾಣಿ, ಮನುಷ್ಯ, ಪರಿಸರ ಮೂರರ ಆರೋಗ್ಯವೂ ಒಂದೇ ಅಂತ ವಿಶ್ವ ಆರೋಗ್ಯ ಸಂಸ್ಥೆ, ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ, ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆ ಹೇಳುತ್ತಲೇ ಇವೆ, 2022ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮವೂ (ಯುಎನ್‌ಇಪಿ) ಜೊತೆ ಸೇರಿತು. ನನಗೆ ಅದು ಅರ್ಥ ಆಗಿದ್ದು ಆ ಅಜ್ಜಿಯ ಅಡುಗೆಮನೆಯಲ್ಲಿ.

ಆವತ್ತೇ ಒಂದು ಪ್ರಯೋಗ ಮಾಡಬೇಕು ಅನ್ನಿಸಿತು. ಕೆಚ್ಚಲುಬಾವಿನ ಹಾಲು ಔಷಧಿ ಇಲ್ಲದಿದ್ದರೂ ಸರಿಯಾಗಿ ಹೆಪ್ಪಾಗುವುದಿಲ್ಲ, ಅದಕ್ಕೇ ಗೊರಸಿನ ಹುಣ್ಣಿಗೆ ಸ್ಟ್ರೆಪ್ಟೋಪೆನಿಸಿಲಿನ್ ಕೊಟ್ಟಿದ್ದ, ಕೆಚ್ಚಲು ಚೆನ್ನಾಗಿದ್ದ ಹಸುವಿನ ಹಾಲು ತೆಗೆದುಕೊಂಡೆ. ಪಕ್ಕದ ಮನೆಯ, ಔಷಧಿ ಸೋಕದ ಹಸುವಿನ ಹಾಲು ಇನ್ನೊಂದು ಲೋಟಕ್ಕೆ. ಎರಡನ್ನೂ ಕಾಯಿಸಿ ಒಂದೇ ಪಾತ್ರೆಯ ಹೆಪ್ಪು ಹಾಕಿ ಡೇರಿಯ ಕಿಟಕಿಯಲ್ಲಿ ಇಟ್ಟೆವು. ಬೆಳಗ್ಗೆ ಒಂದು ಲೋಟ ಬೋರಲು ಹಾಕಿದರೂ ಬೀಳದಷ್ಟು ಗಟ್ಟಿ ಮೊಸರು. ಇನ್ನೊಂದು ಬರೀ ಹಾಲು, ಮೇಲೆ ತೆಳ್ಳಗೆ ಕೆನೆ. ಹಾಲು ಹಾಕಲು ಬಂದವರೆಲ್ಲ ನೋಡಿದರು. ನಾನು ಹತ್ತು ಸಭೆಯಲ್ಲಿ ಹೇಳಿದ್ದು ಆ ಎರಡು ಲೋಟ ಒಂದೇ ಬೆಳಗ್ಗೆ ಹೇಳಿತು. ಇದು ಲ್ಯಾಬ್ ಟೆಸ್ಟ್ ಅಲ್ಲ, ಕಮ್ಮಿ ಪ್ರಮಾಣದ ಔಷಧಿ ಇದರಲ್ಲಿ ಸಿಗುವುದಿಲ್ಲ. ಆದರೆ ಜನಕ್ಕೆ ತೋರಿಸಲು ಇದಕ್ಕಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ.

ಈಗ ಲೇಪದ ವಿಷಯ. ಸೂತ್ರ ನನ್ನದಲ್ಲ. ಬೆಂಗಳೂರಿನ ಟಿಡಿಯು ವಿಶ್ವವಿದ್ಯಾಲಯ, ರಾಷ್ಟ್ರೀಯ ಡೇರಿ ಅಭಿವೃದ್ಧಿ ಮಂಡಳಿ (ಎನ್‌ಡಿಡಿಬಿ) ವರ್ಷಗಟ್ಟಲೆಯಿಂದ ಹೇಳುತ್ತಿರುವುದೇ. ಲೋಳೆಸರ 250 ಗ್ರಾಂ, ಅರಿಶಿನ 50, ಸುಣ್ಣ 15. ಅರೆದು, ಒಂದು ಹಿಡಿಯಷ್ಟು ತೆಗೆದು ನೀರಲ್ಲಿ ತೆಳ್ಳಗೆ ಕಲಸಿ, ಕೆಚ್ಚಲು ತೊಳೆದು ಪೂರ್ತಿ ಹಚ್ಚಬೇಕು, ದಿನಕ್ಕೆ ಹತ್ತು ಸಲ, ಐದು ದಿನ. ಜೊತೆಗೆ ಹೆಚ್ಚಿದ ನಿಂಬೆಹಣ್ಣು ತಿನ್ನಿಸುವುದು. ಎಲ್ಲರಿಗೂ ಗೊತ್ತಿರುವುದೇ. ಆದರೂ ಮೊದಲ ವರ್ಷ ನನಗೆ ಅರ್ಧದಷ್ಟೂ ಗುಣ ಆಗಲಿಲ್ಲ.

ಮೊದಲ ತಪ್ಪು ಸುಣ್ಣದ್ದು. ಒಬ್ಬ ಅಣ್ಣ ಅಳತೆ ನೋಡದೆ ಸೌಟಿನಲ್ಲಿ ಹಾಕಿದ್ದರು. ಮೂರನೇ ದಿನ ಹೋಗಿ ನೋಡಿದರೆ ಮೊಲೆ ಬುಡದ ಚರ್ಮ ಸುಲಿದು, ಹಸು ಮುಟ್ಟಲು ಬಿಡುತ್ತಿಲ್ಲ. ಈಗ ನಾನೇ 15 ಗ್ರಾಂ ಸುಣ್ಣ ಪೊಟ್ಟಣ ಕಟ್ಟಿ ಕೊಡುತ್ತೇನೆ. ಎರಡನೆಯದು ಅಂಗಡಿ ಅರಿಶಿನ. ಅರೆಯುವಾಗ ಸುಣ್ಣ ಬಿದ್ದ ತಕ್ಷಣ ಲೇಪ ಆರತಿ ನೀರಿನ ಹಾಗೆ ಕೆಂಪಾಗಬೇಕು. ಕೆಲವು ಮನೆಯಲ್ಲಿ ಮಾಸಲು ಹಳದಿಯಾಗಿಯೇ ಉಳಿಯುತ್ತಿತ್ತು. ಅಂಥ ಕಡೆ ನಾನು ಅರಿಶಿನದ ಕೊಂಬು ತಂದು ಕುಟ್ಟಿಸಿದೆ, ವ್ಯತ್ಯಾಸ ಕಣ್ಣಿಗೇ ಕಂಡಿತು.

ದೊಡ್ಡ ತಪ್ಪು ಮಾತ್ರ ನನ್ನದೇ. ಹುಮ್ಮಸ್ಸಿನಲ್ಲಿ ಎಲ್ಲ ಹಸುವಿಗೂ ಲೇಪ ಅಂದೆ. ಕರು ಹಾಕಿ ವಾರವಾಗಿದ್ದ ಒಂದು ಹಸು, ಜ್ವರ 105ರ ಹತ್ತಿರ, ಹಾಲು ನೀರಾಗಿ ಬರುತ್ತಿತ್ತು. ಒಂದು ದಿನ ಕಾದೆ. ಕಾಯಬಾರದಿತ್ತು. ಹಸು ಉಳಿಯಿತು, ಹಿಂದಿನ ಎಡ ಮೊಲೆ ಹೋಯಿತು. ಆ ಮನೆಯವರು ನನ್ನನ್ನು ಒಂದು ಮಾತೂ ಅನ್ನಲಿಲ್ಲ, ಅದು ಇನ್ನೂ ಚುಚ್ಚುತ್ತದೆ. ಅಂದಿನಿಂದ ಒಂದು ಕಟ್ಟುನಿಟ್ಟು: 103 ದಾಟಿದ ಜ್ವರ, ಮೇವು ಬಿಟ್ಟ ಹಸು, ಕೆಚ್ಚಲು ಕಲ್ಲಾಗಿರುವುದು, ಇವಕ್ಕೆ ಸುಮ್ನೆ ಸಮಯ ಕಳೆಯದೆ ಆಂಟಿಬಯೋಟಿಕ್. ಔಷಧಿ ಉಳಿಸುವುದೇ ಇಂಥ ಹಸುಗಳಿಗಾಗಿ.

ಹಾಗಾದರೆ ಗೆದ್ದಿದ್ದು ಎಲ್ಲಿ? ಬೇಗ ಹಿಡಿಯುವುದರಲ್ಲಿ. ಕೆಚ್ಚಲುಬಾವು ಪತ್ತೆ ಮಾಡುವ ಸಿಎಂಟಿ ದ್ರಾವಣ ಎಲ್ಲರ ಮನೆಗೂ ಎಲ್ಲಿಂದ ತರೋಣ. ಅರ್ಧ ಲೀಟರ್ ನೀರಿಗೆ ಬಟ್ಟೆ ಒಗೆಯುವ ಪುಡಿ 15 ಗ್ರಾಂ, ನಾಲ್ಕು ಮೊಲೆಯ ಹಾಲು ನಾಲ್ಕು ಬಟ್ಟಲಿಗೆ, ಸಮಸಮ ಬೆರೆಸಿ ತಿರುಗಿಸುವುದು. ಯಾವ ಮೊಲೆಯ ಹಾಲು ಲೋಳೆಯಾಯಿತೋ ಅದಕ್ಕೆ ಆವತ್ತೇ ಲೇಪ ಶುರು. ಹದಿನೈದು ದಿನಕ್ಕೊಮ್ಮೆ ಮಾಡಿಸುತ್ತೇನೆ. ಗಂಟು ಗಂಟು ಹಾಲು ಬರುವ ಮೊದಲೇ ಸಿಕ್ಕಿಬಿಡುತ್ತದೆ.

ಇನ್ನೊಂದು, ಹತ್ತು ಸಲ ಅಂದರೆ ಹತ್ತು ಸಲ ಹಚ್ಚಿಸುವುದು. ಗಂಡಸರನ್ನು ಕೇಳಿದರೆ "ಹಚ್ಚಿದ್ದೀವಿ ಮೇಡಂ" ಅನ್ನುತ್ತಿದ್ದರು, ಬೆಳಗ್ಗೆ ಒಂದು ಸಂಜೆ ಒಂದು. ಒಂದು ಮನೆಯಲ್ಲಿ ಏಳನೇ ಕ್ಲಾಸಿನ ಹುಡುಗಿ, ಬೇಸಿಗೆ ರಜೆಯಲ್ಲಿದ್ದವಳು, ಕೊಟ್ಟಿಗೆ ಗೋಡೆ ಮೇಲೆ ಇದ್ದಿಲಿನಲ್ಲಿ ಗೆರೆ ಎಳೆಯುತ್ತಾ ಹಚ್ಚಿದಳು. ಐದು ದಿನಕ್ಕೆ ಐವತ್ತು ಗೆರೆ, ನಾನೇ ಎಣಿಸಿದೆ. ಆ ಹಸು ಆರನೇ ದಿನ ಬಟ್ಟಲಲ್ಲಿ ಪೂರ್ತಿ ನೆಗೆಟಿವ್. ಈಗ ಎಲ್ಲರ ಗೋಡೆಯಲ್ಲೂ ಇದ್ದಿಲು ಗೆರೆ ಇದೆ. ಪ್ರತಿ ಸಲ ಹಚ್ಚುವ ಮುಂಚೆ ಆ ಮೊಲೆಯನ್ನು ಪೂರ್ತಿ ಹಿಂಡಿ ಖಾಲಿ ಮಾಡಬೇಕು, ಇದನ್ನು ಬಿಟ್ಟರೆ ಲೇಪ ದಂಡ. ಮಳೆಗಾಲದಲ್ಲಿ ಲೇಪ ಜಾರದೆ ನಿಲ್ಲಲು ಅಡುಗೆಮನೆಯದೇ ಒಂದು ಪದಾರ್ಥ ಸೇರಿಸುತ್ತೇನೆ. ಅದೇನು ಅಂತ ಈಗಲೇ ಹೇಳಲ್ಲ, ಇನ್ನೊಂದು ಮಳೆಗಾಲ ನೋಡಬೇಕು.

ದುಡ್ಡಿನ ಲೆಕ್ಕ, ನೆನಪಿನಿಂದ. ಟ್ಯೂಬು, ಇಂಜೆಕ್ಷನ್, ನೋವಿನ ಔಷಧಿ ಎಲ್ಲ ಸೇರಿ ಒಂದು ಹಸುವಿಗೆ 1,500ರಿಂದ 2,000. ದಿನಕ್ಕೆ 10 ಲೀಟರ್ ಕೊಡುವ ಹಸುವಿನ ಹಾಲು ಏಳೆಂಟು ದಿನ ಚೆಲ್ಲಿದರೆ ಇನ್ನೊಂದು 2,500 ಮೇಲೆ. ಲೇಪಕ್ಕೆ ಲೋಳೆಸರ ಬೇಲಿಯದು, ಅರಿಶಿನ, ನಿಂಬೆಹಣ್ಣು ಸೇರಿ 150 ದಾಟಿಲ್ಲ. ಬಾವು ಇರುವ ಮೊಲೆಯ ಹಾಲನ್ನು ಆಗಲೂ ಚೆಲ್ಲಲೇಬೇಕು, ಆದರೆ ಉಳಿದ ಮೂರು ಮೊಲೆಯದು ಉಳಿಯುತ್ತದೆ. ಕಳೆದ ಎರಡು ವರ್ಷದಲ್ಲಿ ಬೇಗ ಸಿಕ್ಕಿದ ಸುಮಾರು 120 ಹಸುವಿನಲ್ಲಿ 85–90ಕ್ಕೆ ಟ್ಯೂಬೇ ಬೇಕಾಗಲಿಲ್ಲ. ನನ್ನ ಪುಸ್ತಕದಲ್ಲಿ ಎಲ್ಲ ಬರೆದಿಟ್ಟಿದ್ದೇನೆ, ಬಂದವರಿಗೆ ತೋರಿಸುತ್ತೇನೆ.

ಹಾಲಿನಲ್ಲಿ ರಕ್ತ ಬಂದರೆ ಕರಿಬೇವು ಬೆಲ್ಲ ಅರೆದು ತಿನ್ನಿಸುವುದನ್ನೂ ಮಾಡಿದೆ, ಆರೇಳು ಹಸುವಿಗೆ, ಪರವಾಗಿಲ್ಲ. ಮೊಲೆ ಕಟ್ಟಿದ್ದಕ್ಕೆ ಬೇವಿನ ಕಡ್ಡಿ ತೂರಿಸುವುದನ್ನು ಮಾತ್ರ ನಾನು ಮಾಡಲ್ಲ. ತೂತಿನೊಳಗೆ ಕಡ್ಡಿ ಹಾಕಿದರೆ ಹೊಸ ಸೋಂಕನ್ನು ನಾವೇ ಒಳಗೆ ಬಿಟ್ಟ ಹಾಗೆ.

ಬ್ಯಾಗ್ ತೆರೆದು ಕೂತ ಮೇಲೆ ನೋವಿನ ಔಷಧಿಯನ್ನೂ ನೋಡಿದೆ. ಡೈಕ್ಲೋಫೆನಾಕ್ ಜಾನುವಾರಿಗೆ 2006ರಲ್ಲೇ ನಿಷೇಧವಾಯಿತು. ಸತ್ತ ದನ ತಿಂದ ರಣಹದ್ದುಗಳ ಕಿಡ್ನಿ ಕೆಡುತ್ತಿತ್ತು ಅಂತ. 2015ರಲ್ಲಿ ಮನುಷ್ಯರ ಸೂಜಿಮದ್ದಿನ ವಯಲ್‌ಅನ್ನೂ 3 ಎಂಎಲ್‌ಗೆ ಇಳಿಸಿದರು, ನಮ್ಮವರು ಅದನ್ನು ದನಕ್ಕೆ ಬಳಸುತ್ತಿದ್ದರಿಂದ. 2023ರಲ್ಲಿ ಕೀಟೋಪ್ರೊಫೆನ್, ಅಸಿಕ್ಲೋಫೆನಾಕ್ ಕೂಡ ನಿಂತಿತು. ನನ್ನ ಬ್ಯಾಗಿನಲ್ಲಿ ಕೀಟೋ ಇನ್ನೂ ನಾಲ್ಕು ಬಾಟಲಿ ಇತ್ತು. ಹಿಂದಿರುಗಿಸಿದೆ, ಈಗ ಮೆಲಾಕ್ಸಿಕಾಮ್ ಒಂದೇ. ರಾಮನಗರದ ರಾಮದೇವರ ಬೆಟ್ಟದಲ್ಲಿ ಉದ್ದ ಕೊಕ್ಕಿನ ರಣಹದ್ದು ಇನ್ನೂ ಅಷ್ಟಿಷ್ಟು ಉಳಿದಿವೆ. ನಾವು ಚುಚ್ಚುವ ಸೂಜಿ ಅಲ್ಲಿಯವರೆಗೂ ಹೋಗುತ್ತದೆ ಅಂತ ಕಾಲೇಜಿನಲ್ಲಿ ನನಗೆ ಹೊಳೆದಿರಲಿಲ್ಲ.

ಈಗ ಹಿಡಿದಿರುವುದು ಹಾಲು ಬತ್ತಿಸುವ ಹಸುಗಳನ್ನು. ಎಲ್ಲ ಮೊಲೆಗೂ ಕಣ್ಣುಮುಚ್ಚಿ ಡ್ರೈ ಟ್ಯೂಬ್ (ಹಾಲು ಬತ್ತಿಸುವಾಗ ಹಾಕುವ ಆಂಟಿಬಯೋಟಿಕ್) ಹಾಕದೆ, ಬಟ್ಟಲಲ್ಲಿ ಲೋಳೆಯಾದ ಮೊಲೆಗೆ ಮಾತ್ರ ಹಾಕಿ ಉಳಿದವಕ್ಕೆ ಅಯೋಡಿನ್ ಅದ್ದಿ ಬಿಟ್ಟಿದ್ದೇನೆ. ಹನ್ನೊಂದು ಹಸು ಆಗಿವೆ. ಮೊದಲನೆಯದು ದೀಪಾವಳಿ ಆಸುಪಾಸು ಕರು ಹಾಕಬೇಕು.