ಮಳೆಗಾಲ ಮುಗಿದ ಮೇಲೆ ಒಮ್ಮೆ ವಿಟಮಿನ್ ಡಿ ನೋಡಿಸಿ

ನಮ್ಮ ತೀರ್ಥಹಳ್ಳಿ, ಹೊಸನಗರದ ಕಡೆ ಮಳೆ ಹಿಡಿದರೆ ವಾರಗಟ್ಟಲೆ ಬಿಸಿಲಿಲ್ಲ. ಮಳೆ ಬಿಟ್ಟ ಮೇಲೂ ಓಡಾಟವೆಲ್ಲ ಅಡಿಕೆ ತೋಟದ ನೆರಳಲ್ಲೇ, ಅಲ್ವಾ? ಚರ್ಮಕ್ಕೆ ಬಿಸಿಲು ಬೀಳದೆ ಮೈ ವಿಟಮಿನ್ ಡಿ ಮಾಡಿಕೊಳ್ಳುವುದಿಲ್ಲ.

ಹೋದ ವರ್ಷ ನನಗೆ ಸುಮ್ನೆ ಸುಸ್ತು, ಸೊಂಟ ನೋವು. ರಕ್ತ ಪರೀಕ್ಷೆಯಲ್ಲಿ ವಿಟಮಿನ್ ಡಿ 11 ng/mL ಬಂತು. 20ಕ್ಕಿಂತ ಕಡಿಮೆಯಾದರೆ ಕೊರತೆ ಎನ್ನುತ್ತಾರೆ. "ಡಿ ತಗೊಳ್ಳಿ, ಗಂಡಸರ ಹಾರ್ಮೋನೂ ಏರುತ್ತೆ" ಎಂದರು ಗೆಳೆಯರು. ಓದಿ ನೋಡಿದೆ, ಅರ್ಧ ನಿಜ. ಆ ಹಾರ್ಮೋನ್, ಅಂದರೆ ಟೆಸ್ಟೋಸ್ಟೆರಾನ್, ತಯಾರಿಸುವ ವೃಷಣದ ಕೋಶಗಳ ಮೇಲೂ ಈ ವಿಟಮಿನ್ ಕೆಲಸ ಮಾಡುತ್ತದೆ. 2011ರಲ್ಲಿ ಪ್ರಕಟವಾದ ಆಸ್ಟ್ರಿಯಾದ ಒಂದು ಪ್ರಯೋಗದಲ್ಲಿ, ಕೊರತೆಯಿದ್ದ ದಪ್ಪ ಮೈಯ ಗಂಡಸರಿಗೆ ದಿನಕ್ಕೆ 3332 ಐಯು (ವಿಟಮಿನ್ ಅಳೆಯುವ ಯೂನಿಟ್) ವಿಟಮಿನ್ ಡಿ ವರ್ಷವಿಡೀ ಕೊಟ್ಟಾಗ ಟೆಸ್ಟೋಸ್ಟೆರಾನ್ ಏರಿತ್ತು. ಆಮೇಲೆ ಅಲ್ಲೇ ಹಾರ್ಮೋನ್ ಸರಿಯಿದ್ದವರಿಗೆ ಕೊಟ್ಟು ನೋಡಿದರೆ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಕೊರತೆ ಇದ್ದರೆ ತುಂಬಿಸಿಕೊಳ್ಳಿ, ಗಂಡಸುತನದ ಟಾನಿಕ್ ಅಂದುಕೊಳ್ಳಬೇಡಿ.

ಇನ್ನೊಂದು ಮುಖ್ಯ ವಿಷಯ. 60,000 ಐಯು ಮಾತ್ರೆಯನ್ನು ಸಾಮಾನ್ಯವಾಗಿ ಬರೆದುಕೊಡುವುದು ವಾರಕ್ಕೊಂದು ಎಂದು. ನಮ್ಮ ಭಾವ ದಿನಾ ನುಂಗಲು ಶುರು ಮಾಡಿದ್ದರು! ಜಾಸ್ತಿಯಾದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರುತ್ತದೆ, ವಾಂತಿ ಬರುತ್ತದೆ, ಕಿಡ್ನಿಗೂ ಪೆಟ್ಟು. ಡಾಕ್ಟರ್ ಹೇಳಿದಷ್ಟು ವಾರ ಮಾತ್ರ, ಅದೂ ಊಟದ ಜೊತೆ ತಗೊಳ್ಳಿ. ಜಿಡ್ಡಿನ ಅಂಶವಿದ್ದರೆ ಮೈಗೆ ಚೆನ್ನಾಗಿ ಹಿಡಿಯುತ್ತದೆ. ಒಂದು ಚಮಚ ತುಪ್ಪಕ್ಕೆ ನೆಪ ಸಿಕ್ಕಿತು ನೋಡಿ.

ಟೆಸ್ಟೋಸ್ಟೆರಾನ್ ಪರೀಕ್ಷೆ ಮಾಡಿಸುವುದಿದ್ದರೆ ಬೆಳಿಗ್ಗೆ 10ರೊಳಗೆ ರಕ್ತ ಕೊಡಿ. ಮಧ್ಯಾಹ್ನದ ಹೊತ್ತಿಗೆ ಅದು ತಾನಾಗೇ ಇಳಿದಿರುತ್ತದೆ.