ಧರ್ಮಕೇಂದ್ರಕ್ಕೆ ಚೆಕ್ಕಿಗಿಂತ ಮೊದಲು ಲೆಕ್ಕದ ಪುಸ್ತಕ

ಸೊರಗುತ್ತಿರುವ ಧರ್ಮಕೇಂದ್ರಕ್ಕೆ, ಅಂದರೆ ಊರಿನ ಚರ್ಚು ಮತ್ತು ಅದರ ಭಕ್ತಸಮುದಾಯಕ್ಕೆ, ನೆರವಾಗಲು ಹೊರಟ ಕಥೋಲಿಕ ಉದ್ಯಮಿಗಳು ಬಹುಪಾಲು ಎಡವುವುದು ಮೊದಲ ದಿನವೇ. ಚೆಕ್ ಬರೆಯುತ್ತಾರೆ, ತಮಗೆ ತೋಚಿದ್ದನ್ನು ಕೊಡಿಸುತ್ತಾರೆ, ಹೆಸರಿನ ಫಲಕ ಹಾಕಿಸುತ್ತಾರೆ. ಹೀಗೆ ಬಂದ ದುಬಾರಿ ಧ್ವನಿವರ್ಧಕವೊಂದು ನಡೆಸಲು ಬಲ್ಲವರಿಲ್ಲದೆ ಬಟ್ಟೆ ಹೊದ್ದು ಕುಳಿತಿದ್ದನ್ನೂ, ಅದೇ ವರ್ಷ ಮಕ್ಕಳ ಧರ್ಮೋಪದೇಶದ ಕೋಣೆಯ ಚಾವಣಿಯಲ್ಲಿ ನೀರಿನ ಕಲೆ ತಟ್ಟೆಯಗಲದಿಂದ ಗೋಡೆಯವರೆಗೆ ಹರಡಿದ್ದನ್ನೂ ನಾನು ಕಂಡಿದ್ದೇನೆ.

ಆದ್ದರಿಂದ ಮೊದಲು ನಾಲ್ಕು ಭಾನುವಾರ ಬೇರೆ ಬೇರೆ ಹೊತ್ತಿನ ಬಲಿಪೂಜೆಗಳಲ್ಲಿ (ಮಾಸ್) ಹಿಂದಿನ ಸಾಲಿನಲ್ಲಿ ಕುಳಿತು, ಯಾರು ಬರುತ್ತಿದ್ದಾರೆ, ಯಾರು ಬರುತ್ತಿಲ್ಲ ಎಂಬುದನ್ನು ಗಮನಿಸಿ. ಆಮೇಲೆ ಧರ್ಮಕೇಂದ್ರದ ಗುರುಗಳನ್ನು (ಪಾದ್ರಿಗಳನ್ನು) ಕಂಡು, ಯಾವ ಕೆಲಸಗಳು ಅವರ ಹೊತ್ತನ್ನೆಲ್ಲ ತಿನ್ನುತ್ತಿವೆ ಎಂದು ಕೇಳಿ. ಏನು ಬೇಕೆಂದು ಕೇಳಿದರೆ ಸಂಕೋಚದ ಉತ್ತರವಷ್ಟೇ ಸಿಗುತ್ತದೆ.

ಮುಂದಿನದು ಹಣಕಾಸು ಸಮಿತಿಗೆ ಸೇರುವುದು, ಮತ್ತು ಹೆಚ್ಚಿನವರು ಕೆಲಸ ಕೆಡಿಸುವುದು ಇಲ್ಲಿಯೇ. ಕಥೋಲಿಕ ಧರ್ಮಸಭೆಯ 1983ರ ಕಾನೂನು ಸಂಹಿತೆಯ 537ನೆಯ ನಿಯಮದಂತೆ ಪ್ರತಿ ಧರ್ಮಕೇಂದ್ರದಲ್ಲೂ ಈ ಸಮಿತಿ ಇರಲೇಬೇಕು. ಆದರೆ ಅದು ಇರುವುದು ಗುರುಗಳಿಗೆ ನೆರವಾಗಲು. 532ನೆಯ ನಿಯಮದ ಪ್ರಕಾರ ಕಾನೂನು ವ್ಯವಹಾರಗಳಲ್ಲಿ ಧರ್ಮಕೇಂದ್ರವನ್ನು ಪ್ರತಿನಿಧಿಸುವವರು ಅವರೇ. ತಮ್ಮ ಕಚೇರಿಯಲ್ಲಿ ಒಂದೇ ಮಾತಿಗೆ ಕೆಲಸ ಮುಗಿಸಿ ಅಭ್ಯಾಸವಿರುವವರು ಇದನ್ನು ಮರೆತು ಎರಡನೆಯ ಸಭೆಗೇ ಮನಸ್ತಾಪ ತಂದುಕೊಳ್ಳುತ್ತಾರೆ. ಮೊದಲ ಮೂರು ತಿಂಗಳು ಸಲಹೆ ಕೊಡಲೇಬೇಡಿ. ಬ್ಯಾಂಕಿನ ಪಾಸ್‌ಬುಕ್ಕನ್ನೂ ಲೆಕ್ಕದ ಪುಸ್ತಕವನ್ನೂ ಅಕ್ಕಪಕ್ಕ ಇಟ್ಟುಕೊಂಡು ಸಾಲು ಸಾಲಾಗಿ ತಾಳೆ ನೋಡಿ.

ಅನಂತರ ಕಾಣಿಕೆಯ ಎಣಿಕೆಯನ್ನು ಸರಿಪಡಿಸಿ. ಪರಸ್ಪರ ಸಂಬಂಧಿಕರಲ್ಲದ ಇಬ್ಬರು ಒಟ್ಟಿಗೆ ಕುಳಿತು ಎಣಿಸಬೇಕು, ಮೊತ್ತವನ್ನು ಅಂಕಿಯಲ್ಲೂ ಅಕ್ಷರದಲ್ಲೂ ಬರೆದು ಇಬ್ಬರೂ ಸಹಿ ಹಾಕಬೇಕು, ಬ್ಯಾಂಕು ತೆರೆಯುವ ಮರುದಿನವೇ ಹಣ ಜಮಾ ಆಗಬೇಕು. ಇದು ಯಾರ ಮೇಲಿನ ಅನುಮಾನವೂ ಅಲ್ಲ, ಎಣಿಸುವವರಿಗೇ ರಕ್ಷಣೆ.

ಅದಕ್ಕಿಂತ ಸೂಕ್ಷ್ಮವಾದದ್ದು ನಿರ್ದಿಷ್ಟ ಉದ್ದೇಶಕ್ಕೆ ಕೊಟ್ಟ ಹಣ. ಅದನ್ನು ಆ ಉದ್ದೇಶಕ್ಕೆ ಮಾತ್ರ ಬಳಸಬೇಕೆಂದು 1267ನೆಯ ನಿಯಮ ಸ್ಪಷ್ಟವಾಗಿ ಹೇಳುತ್ತದೆ. ನಾನು ನೋಡಿದ ಒಂದು ಪುಸ್ತಕದಲ್ಲಿ ಚಾವಣಿಗೆಂದು ಬಂದ ದೇಣಿಗೆಯೂ ವಿದ್ಯುತ್ ಬಿಲ್ಲೂ ‘ಇತರೆ’ ಎಂಬ ಒಂದೇ ಕಲಮಿನಲ್ಲಿದ್ದವು. ಯಾರೂ ಕದ್ದಿರಲಿಲ್ಲ; ಆದರೆ ಚಾವಣಿ ಏನಾಯಿತೆಂದು ಕೇಳಿದವರಿಗೆ ಉತ್ತರ ಸಿಗದೆ ಅವರು ಕೊಡುವುದನ್ನೇ ನಿಲ್ಲಿಸಿದ್ದರು. ಸಾಮಾನ್ಯ ಕಾಣಿಕೆ, ದುರಸ್ತಿ, ಬಡವರ ನಿಧಿ ಎಂದು ಬೇರೆ ಬೇರೆ ಕಲಮು ಮಾಡಿ, ಮೂರು ತಿಂಗಳಿಗೊಮ್ಮೆ ಒಂದೇ ಹಾಳೆಯ ಲೆಕ್ಕವನ್ನು ವಯಸ್ಸಾದವರೂ ಓದಬಲ್ಲ ದಪ್ಪ ಅಕ್ಷರದಲ್ಲಿ ಸೂಚನಾ ಫಲಕಕ್ಕೆ ಹಾಕಿ. ಭಕ್ತರು ಕೊಟ್ಟದ್ದಕ್ಕೆ ಅವರಿಗೇ ಲೆಕ್ಕ ಒಪ್ಪಿಸಬೇಕೆಂಬುದು 1287ನೆಯ ನಿಯಮ. ಇದಕ್ಕೆ ತಿಂಗಳ ಬಾಡಿಗೆಯ ದೊಡ್ಡ ತಂತ್ರಾಂಶ ಬೇಡವೇ ಬೇಡ. ಅದನ್ನು ಕಲಿತ ಒಬ್ಬರು ಊರು ಬಿಟ್ಟರೆ ಲೆಕ್ಕವೂ ಅವರ ಜತೆಗೇ ಹೋಗುತ್ತದೆ. ಸಾಧಾರಣ ಎಕ್ಸೆಲ್ ಹಾಳೆ ಸಾಕು.

ನೀವು ಮಾರುವ ವಸ್ತುವನ್ನು ಧರ್ಮಕೇಂದ್ರಕ್ಕೆ ಮಾರಬೇಡಿ, ರಿಯಾಯಿತಿಯಲ್ಲಿಯೂ ಬೇಡ. ಚರ್ಚಿನ ಆಸ್ತಿಯನ್ನು ಅದರ ಆಡಳಿತ ನೋಡುವವರಿಗೆ ಅಥವಾ ಅವರ ನಾಲ್ಕನೆಯ ದರ್ಜೆಯ ಸಂಬಂಧದವರೆಗಿನ ಬಂಧುಗಳಿಗೆ, ಅಲ್ಪ ಮೌಲ್ಯದ್ದನ್ನು ಬಿಟ್ಟು, ವಿಶೇಷ ಲಿಖಿತ ಅನುಮತಿಯಿಲ್ಲದೆ ಮಾರುವಂತಿಲ್ಲ, ಬಾಡಿಗೆಗೆ ಕೊಡುವಂತಿಲ್ಲ ಎಂದು 1298ನೆಯ ನಿಯಮ ಹೇಳುತ್ತದೆ. ಅದೇ ಎಚ್ಚರ ಖರೀದಿಗೂ ಬೇಕು. ಉಚಿತವಾಗಿ ಕೊಡುವುದಾದರೆ ಕೊಡಿ. ಇಲ್ಲವಾದರೆ ಬೇರೆ ಮೂವರಿಂದ ದರಪಟ್ಟಿ ತರಿಸಿ.

ಇನ್ನು ನಿಮ್ಮ ಅಂಗಡಿಯನ್ನೇ ನೋಡಿಕೊಳ್ಳಿ. ಭಾನುವಾರ ಬೆಳಗ್ಗೆ ಕೆಲಸಗಾರರನ್ನು ಕರೆಸಿಕೊಳ್ಳುವ ಮಾಲೀಕರು ಚರ್ಚಿನ ಬೆಂಚುಗಳು ಖಾಲಿ ಇವೆಯೆಂದು ಕೊರಗುವುದು ನನಗೆ ಬಹಳ ನೋವು ತರುತ್ತದೆ. ಪೋಪ್ ಹದಿಮೂರನೆಯ ಲಿಯೋ ಅವರು 1891ರಲ್ಲಿಯೇ ‘ರೇರುಮ್ ನೊವಾರುಮ್’ ಎಂಬ ವಿಶ್ವಪತ್ರದಲ್ಲಿ (ಪೋಪ್ ಹೊರಡಿಸುವ ಬೋಧನಾ ಪತ್ರ) ನ್ಯಾಯಯುತ ಕೂಲಿಯ ಜತೆಗೆ ಕಾರ್ಮಿಕರ ಭಾನುವಾರದ ವಿಶ್ರಾಂತಿಯನ್ನೂ ಎತ್ತಿ ಹೇಳಿದ್ದರು. ಪಾಳಿಯನ್ನು ಮಧ್ಯಾಹ್ನಕ್ಕೆ ಸರಿಸಿದರೂ ಒಂದು ಕುಟುಂಬ ಬಲಿಪೂಜೆಗೆ ಬರಬಹುದು. ಕೆಲಸ ಹುಡುಕುತ್ತಿರುವ ಯುವಕರಿಗೆ ತಿಂಗಳಿಗೊಂದು ಸಂಜೆ ಅರ್ಜಿ ಬರೆಯುವುದನ್ನೂ ಸಂದರ್ಶನ ಎದುರಿಸುವುದನ್ನೂ ಕಲಿಸಿ.

ಕೊನೆಯದಾಗಿ, ಸಮಿತಿಗೆ ಸೇರಿದ ವರ್ಷವೇ ನಿಮ್ಮ ನಂತರ ಬರಬೇಕಾದವರನ್ನು ಗುರುಗಳೊಂದಿಗೆ ಮಾತಾಡಿ ಗುರುತಿಸಿ, ಪ್ರತಿ ತಿಂಗಳ ತಾಳೆಗೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ಹೊರಡುವ ದಿನ ಪಾಸ್‌ಬುಕ್, ಕಪಾಟಿನ ಕೀಲಿ, ಗುತ್ತಿಗೆದಾರರ ಫೋನ್ ಸಂಖ್ಯೆಗಳು, ಬಾಕಿ ಬಿಲ್ಲುಗಳ ಪಟ್ಟಿ, ಇಷ್ಟನ್ನೂ ಗುರುಗಳ ಎದುರಿನಲ್ಲಿ ಒಪ್ಪಿಸಿ ಸಹಿ ಪಡೆದುಕೊಳ್ಳಿ.