ಡ್ಯೂಸ್ ಟ್ರಕ್ಕಿನ 24 ವೋಲ್ಟಲ್ಲಿ 12 ವೋಲ್ಟ್ ಟ್ರೈಲರ್ ಲೈಟ್, ಕೊನೆಗೂ ಉರೀತು

ಟೆಕ್ಸಾಸಲ್ಲಿ ನಮ್ಮ ಹತ್ತು ಎಕ್ರೆಗೆ ಹುಲ್ಲು, ಸಣ್ಣ ಟ್ರ್ಯಾಕ್ಟರ್ ಸಾಗಿಸೋಕೆ ಅಂತ ಎಂ35ಎ2 ಒಂದು ತಗೊಂಡಿದ್ದೀನಿ, ಅಮೆರಿಕ ಸೈನ್ಯದ ಹಳೇ ಎರಡೂವರೆ ಟನ್ ಟ್ರಕ್, ಡ್ಯೂಸ್ ಅಂತ ಕರೀತಾರೆ, 1972ರದ್ದು, ಎಎಂ ಜನರಲ್ ಗಾಡಿ. ಎಳೆಯೋ ತಾಕತ್ತಿನ ಬಗ್ಗೆ ಮಾತೇ ಇಲ್ಲ. ತೊಂದರೆ ಇದ್ದಿದ್ದು ಹಿಂದಿನ ಲೈಟಲ್ಲಿ. ಟ್ರಕ್ಕಲ್ಲಿ ಎರಡು ಬ್ಯಾಟರಿ ಸೀರೀಸಲ್ಲಿ, ಓಡೋವಾಗ 28 ವೋಲ್ಟ್ ಹತ್ರ, ಹಿಂದೆ ಮಿಲಿಟರಿ ಹನ್ನೆರಡು ಪಿನ್ ಸಾಕೆಟ್. ಟ್ರೈಲರ್ ನೋಡಿದ್ರೆ ಅಂಗಡಿ ಮಾಲು, 12 ವೋಲ್ಟ್, ನಾಲ್ಕು ತಂತಿ ಪ್ಲಗ್.

ಸ್ನೇಹಿತರೆಲ್ಲ ಹೇಳಿದ್ದು ಒಂದೇ ಮಾತು, "ಗುರು, ಟ್ರೈಲರ್‌ಗೆ 24 ವೋಲ್ಟ್ ಬಲ್ಬ್ ಹಾಕು, ಇಲ್ಲಾಂದ್ರೆ 10ರಿಂದ 30 ವೋಲ್ಟಿನ ಎಲ್ಇಡಿ ಹಾಕು, ಮುಗೀತು." ಅದು ಸರಿನೇ, ಆದ್ರೆ ನಾನು ಬಾಡಿಗೆ ಟ್ರೈಲರ್ ತರ್ತೀನಿ, ಪಕ್ಕದ ಮನೆಯವರದ್ದು ತರ್ತೀನಿ, ನನ್ನದು ಅವರ ಪಿಕಪ್ಪಿಗೆ ಹೋಗುತ್ತೆ. ಬಲ್ಬ್ ಎಷ್ಟು ಸಲ ಬಿಚ್ಚಲಿ? ಯಾರ ಟ್ರೈಲರ್ ಬಂದ್ರೂ ಚುಚ್ಚಿದ್ರೆ ಉರೀಬೇಕು, ಬದಲಾವಣೆ ಏನಿದ್ರೂ ಟ್ರಕ್ ಕಡೆ ಅಂತ ಹಠ ಹಿಡಿದೆ. ಆಗಲ್ಲ ಅಂದ್ರು.

ಮೊದಲು ರೆಸಿಸ್ಟರ್. ಒಂದೊಂದು ಲೈನಿಗೆ ದಪ್ಪ ಅಲ್ಯೂಮಿನಿಯಂ ಮೈಯ ರೆಸಿಸ್ಟರ್ ಹಾಕಿ ಟೇಲ್ ಲೈನಲ್ಲಿ ಸರಿಯಾಗಿ 12 ಚಿಲ್ಲರೆ ಬರೋ ಹಾಗೆ ಲೆಕ್ಕ ಹಾಕಿದ್ದೆ, ಅಂಗಳದಲ್ಲಿ ಚೆನ್ನಾಗೇ ಉರೀತು, ಹೆದ್ದಾರಿಯಲ್ಲಿ ಒಂದು ಸೈಡ್ ಮಾರ್ಕರ್ ಬಲ್ಬ್ ಹೋಯ್ತು ನೋಡಿ, ಲೋಡ್ ಕಮ್ಮಿ ಆಯ್ತು, ರೆಸಿಸ್ಟರ್ ತಿನ್ನೋ ವೋಲ್ಟೇಜೂ ಕಮ್ಮಿ ಆಯ್ತು, ಉಳಿದ ಬಲ್ಬಿಗೆ ಹೆಚ್ಚು ಹೋಗಿ ಎರಡನೇದು, ಮೂರನೇದು ಅಂತ ಸಾಲಾಗಿ ಎಲ್ಲಾ ಸತ್ತೋದ್ವು. ಮನೆಗೆ ಬಂದು ನೋಡಿದ್ರೆ ಪಕ್ಕದ ತಂತಿಯ ಪ್ಲಾಸ್ಟಿಕ್ ಕರಗಿ ರೆಸಿಸ್ಟರ್ ಮೈಗೆ ಬೆಲ್ಲದ ಪಾಕದ ಥರ ಅಂಟ್ಕೊಂಡಿತ್ತು. ಸುಮಾರು 60 ಡಾಲರ್ ಹೋಯ್ತು.

ಆಮೇಲೆ ಲೈನಿಗೊಂದು ಸಣ್ಣ ಡಿಸಿ ಕನ್ವರ್ಟರ್, 24ನ್ನ 12ಕ್ಕೆ ಇಳಿಸೋದು. ಮೂರಕ್ಕೆ ಐವತ್ತೋ ಐವತ್ತೈದೋ ಕೊಟ್ಟೆ. ಟೇಲ್ ಓಕೆ. ಇಂಡಿಕೇಟರ್ ಹಾಕಿದ್ರೆ ಮಾತ್ರ ಪ್ರತಿ ಮಿಣುಕಿಗೂ ಕನ್ವರ್ಟರ್ ಹೊಸದಾಗಿ ಏಳ್ಬೇಕು, ಏಳೋದ್ರೊಳಗೆ ಫ್ಲಾಶರ್ (ಇಂಡಿಕೇಟರ್ ಮಿಣುಕಿಸೋ ಸಾಧನ) ಕಟ್ ಮಾಡಿರುತ್ತೆ, ಬಲ್ಬ್ ಕೆಂಪಗೆ ಉಸಿರಾಡಿದ ಹಾಗೆ ಕಾಣ್ತಿತ್ತು ಅಷ್ಟೇ.

ಸೀರೀಸಲ್ಲಿ ಕೆಳಗಿನ, ಅಂದ್ರೆ ಅರ್ತ್ ಕಡೆಯ ಬ್ಯಾಟರಿಯಿಂದ 12 ತೆಗೆದ್ರೆ ಸಾಕು ಅನ್ನೋರು ಬಹಳ ಜನ. ದಯವಿಟ್ಟು ಮಾಡ್ಬೇಡಿ. ಅದೊಂದೇ ಬ್ಯಾಟರಿ ಇಳೀತಾ ಹೋಗುತ್ತೆ, ಚಾರ್ಜ್ ಆಗೋವಾಗ ಮೇಲಿನದು ಮಿತಿ ಮೀರಿ ಕುದಿಯುತ್ತೆ. ನನಗೆ ಪರಿಚಯದ ಒಬ್ಬರು ಹೀಗೇ ಜೋಡಿ ಬ್ಯಾಟರಿ ಕಳ್ಕೊಂಡ್ರು.

ಕೊನೆಗೆ ಗೆದ್ದಿದ್ದು ರಿಲೇ, ಅಂದ್ರೆ ಕಾಯಿಲಿಗೆ ಸಣ್ಣ ಕರೆಂಟ್ ಕೊಟ್ರೆ ದೊಡ್ಡ ಕರೆಂಟ್ ಆನ್ ಮಾಡೋ ಸ್ವಿಚ್ಚು. 24 ವೋಲ್ಟ್ ಕಾಯಿಲಿನ ರಿಲೇ ಮೂರು, ಎಡ, ಬಲ, ಟೇಲ್. ಟ್ರಕ್ಕಿನ ಸಾಕೆಟ್ ರಿಲೇನ ಎಬ್ಬಿಸುತ್ತೆ ಅಷ್ಟೇ, ಬಲ್ಬಿಗೆ ಕರೆಂಟ್ ಬೇರೆ ದಾರೀಲಿ, ಎರಡೂ ಬ್ಯಾಟರಿ ಮೇಲೆ ಕೂತ ಒಂದೇ ದೊಡ್ಡ ಕನ್ವರ್ಟರಿಂದ. ಮೊದಲು 10 ಆಂಪಿನದು ಹಾಕಿ ಕೆಟ್ಟೆ, ಬ್ರೇಕ್ ಒತ್ತಿದ ಕ್ಷಣ ತಣ್ಣಗಿರೋ ಫಿಲಮೆಂಟ್ ಒಮ್ಮೆಗೇ ಎಳೆದು ಟೇಲೂ ಮಂಕಾಗೋದು. 30 ಆಂಪ್ ಹಾಕಿದ ಮೇಲೆ ಅಲುಗಾಡಲಿಲ್ಲ. ಕಾಯಿಲ್ ಕುಡಿಯೋದು ಒಂದು ಆಂಪಿನ ಹತ್ತನೇ ಒಂದು ಭಾಗ ಇರ್ಬಹುದು, ಅದಕ್ಕೇ ಟ್ರಕ್ಕಿನ ಫ್ಲಾಶರ್‌ಗೆ ಟ್ರೈಲರ್ ಇದೆ ಅಂತಾನೇ ಗೊತ್ತಾಗಲ್ಲ. ಕಾಯಿಲಿಗೆ ಡಯೋಡ್ ಮರೀಬೇಡಿ, ಆಫ್ ಆದಾಗ ಕಾಯಿಲ್ ಒದೆಯೋ ವೋಲ್ಟೇಜನ್ನ ಅದೇ ತಡೆಯೋದು. ಅಮೆರಿಕದ ಮಿಲಿಟರಿ ಗಾಡೀಲಿ ಬ್ರೇಕೂ ಇಂಡಿಕೇಟರೂ ಒಂದೇ ಬಲ್ಬಲ್ಲಿ, ನಾಲ್ಕು ತಂತಿ ಟ್ರೈಲರಲ್ಲೂ ಅದೇ ಲೆಕ್ಕ, ಹಳದಿ ಎಡ, ಹಸಿರು ಬಲ, ಕಂದು ಟೇಲ್, ಬಿಳಿ ಅರ್ತ್. ಯುರೋಪ್ ಟ್ರಕ್ ಆಗಿದ್ರೆ ಬ್ರೇಕಿಗೂ ಇಂಡಿಕೇಟರಿಗೂ ಬೇರೆ ಬೇರೆ ಬಲ್ಬು, ಇಷ್ಟು ಸುಲಭ ಇರ್ತಿರ್ಲಿಲ್ಲ.

ಸಾಕೆಟ್ ಪಿನ್ನಿನ ಅಕ್ಷರಕ್ಕಿಂತ ಹಿಂದೆ ತಂತಿ ಮೇಲಿರೋ ತಗಡಿನ ಪಟ್ಟಿ ನಂಬಿ. 21 ಟೇಲ್, 22-460 ಮತ್ತು 22-461 ಎರಡು ಬದಿಯ ಬ್ರೇಕ್-ಇಂಡಿಕೇಟರ್, 90 ಅರ್ತ್. ನನ್ನ ಗಾಡೀಲಿ ಹಿಂದಿನ ಮಾಲೀಕರು ಎರಡು ತಂತಿ ಅದಲು ಬದಲು ಮಾಡಿದ್ರು, ಪಟ್ಟಿ ಉಜ್ಜಿ ಓದಿದ್ಮೇಲೇ ಸಿಕ್ಕಿದ್ದು.

ಒಂದು ಭಾನುವಾರ ಪೂರ್ತಿ ಬ್ರೇಕ್ ಲೈಟ್ ಬರ್ತಿಲ್ಲ ಅಂತ ಹುಡುಕಿದೆ. ಟ್ರಕ್ಕಿನ ಲೈಟೆಲ್ಲಾ ನಡೆಸೋ ಮೂರು ಲಿವರಿನ ಸ್ವಿಚ್ ಆಫಲ್ಲಿತ್ತು! ಆಫಲ್ಲಿದ್ರೆ ಬ್ರೇಕ್ ಲೈಟೂ ಇಲ್ಲ, ಇಂಡಿಕೇಟರೂ ಇಲ್ಲ, ಹಗಲಲ್ಲಿ ಸ್ಟಾಪ್ ಲೈಟ್ ಅನ್ನೋ ಜಾಗಕ್ಕೆ ತಿರುಗಿಸಿಡ್ಬೇಕು.

ಅದಾದ್ಮೇಲೂ ಎಡ ಇಂಡಿಕೇಟರ್ ಹಾಕಿದ್ರೆ ಬಲದ ಟೇಲ್ ಮಿಣಕ್ ಅನ್ನೋದು. ಹಾಸನಕ್ಕೆ ಫೋನ್ ಮಾಡಿದಾಗ ಅಪ್ಪ ಒಂದೇ ಮಾತು ಅಂದ್ರು, "ಅರ್ತ್ ನೋಡ್ಲಾ ಮೊದ್ಲು." ಅಪ್ಪ ಟ್ರ್ಯಾಕ್ಟರ್ ಟ್ರೈಲರ್ ವೈರಿಂಗ್ ನೋಡ್ಕೊಂಡೇ ಬಂದವರು. ಹೌದು, ಅರ್ತ್ ಹೋಗ್ತಿದ್ದಿದ್ದು ಟ್ರೈಲರ್ ಸಿಕ್ಕಿಸೋ, ಗ್ರೀಸ್ ಮೆತ್ತಿದ ಪಿಂಟಲ್ ಕೊಂಡಿ ಮೂಲಕ. ಪ್ಲಗ್ಗಿಂದ ಟ್ರೈಲರ್ ಚಾಸಿಸ್‌ವರೆಗೂ ಬೇರೆ ದಪ್ಪ ತಂತಿ ಎಳೆದೆ, ನಿಂತೋಯ್ತು.

ಕನ್ವರ್ಟರ್ ಯಾವಾಗ್ಲೂ ಎದ್ದಿದ್ರೆ ವಾರದಲ್ಲಿ ಬ್ಯಾಟರಿ ಇಳಿಯುತ್ತೆ. ಲೈಟ್ ಬೇಕಾದಾಗ ಮಾತ್ರ ಅದು ತಾನಾಗೇ ಏಳೋ ಹಾಗೆ ಮಾಡಿದ್ದೀನಿ, ಹೇಗೆ ಅನ್ನೋದನ್ನ ಸದ್ಯಕ್ಕೆ ಬರೆಯಲ್ಲ, ಅದು ನಾನೇ ತಿಂಗಳುಗಟ್ಟಲೆ ತಲೆ ಕೆಡಿಸ್ಕೊಂಡು ಕಂಡ್ಕೊಂಡಿದ್ದು. ಡಬ್ಬಿ, ಕನ್ವರ್ಟರ್, ರಿಲೇ, ಹನ್ನೆರಡು ಪಿನ್ ಪ್ಲಗ್ ಎಲ್ಲಾ ಸೇರಿ ಸುಮಾರು 140 ಡಾಲರ್, ಹಾಳಾದ ಸಾಮಾನು ಸೇರಿಸಿದ್ರೆ 280 ದಾಟುತ್ತೆ.

ಮಧ್ಯದಲ್ಲಿ ಟ್ರೈಲರಿನ ಎಲೆಕ್ಟ್ರಿಕ್ ಬ್ರೇಕಿಗೂ ಕೈ ಹಾಕಿದೆ. ಆ ಬ್ರೇಕ್ ನಡೆಸೋ ಕಂಟ್ರೋಲರಿಗೆ ಬ್ರೇಕ್ ಸಿಗ್ನಲ್ಲನ್ನ ಇಂಡಿಕೇಟರ್ ಸ್ವಿಚ್ಚಿಗಿಂತ ಮೊದಲೇ ತೆಗೀಬೇಕು, ನಾನು ಸ್ವಿಚ್ ದಾಟಿದ ಮೇಲಿನಿಂದ ತೆಗೆದಿದ್ದೆ, ಇಂಡಿಕೇಟರ್ ಹಾಕಿದಾಗೆಲ್ಲ ಟ್ರೈಲರ್ ಬ್ರೇಕ್ ಹಿಡಿದು ಬಿಡೋದು. ಆ ಕೆಲಸ ಇನ್ನೂ ನಡೀತಿದೆ, ಅಲ್ಲೀವರೆಗೂ ಭಾರ ಹಾಕಲ್ಲ.

ಹೋದ ತಿಂಗಳು ರಾತ್ರಿ ಮನೆಯವರು ಕಾರಲ್ಲಿ ಹಿಂದೆ ಬರ್ತಾ ಫೋನಲ್ಲಿ ಹೇಳ್ತಿದ್ರು, "ಎಡ ಬಂತು ರೀ, ಬಲ ಬಂತು, ಬ್ರೇಕ್ ಬಂತು." 40 ಮೈಲಿ, ಒಂದು ಬಲ್ಬೂ ಹೋಗಲಿಲ್ಲ. ಮಾರನೇ ವಾರ ಬಾಡಿಗೆ ಟ್ರೈಲರ್ ತಂದು ಚುಚ್ಚಿದೆ, ಅದೂ ಉರೀತು. ಆಗಲ್ಲ ಅಂದವರಲ್ಲಿ ಒಬ್ಬರು ತಮ್ಮ ಟ್ರಕ್ಕಿಗೂ ಒಂದು ಡಬ್ಬಿ ಮಾಡ್ಕೊಡು ಅಂದಿದ್ದಾರೆ, ರಿಲೇ ಆರ್ಡರ್ ಹಾಕಿದ್ದೀನಿ.